ಅಂಬ್ರಪ್ಪ ವಕೀಲರು ಗೆದ್ದ ಟೆಂಡರ್

ಕೊಂಕಲ್ಲಿನ ಅಂಬ್ರಪ್ಪನವರು ವಕೀಲರಾಗುವ ಮೊದಲು ಕಾಲುವೆ ಕಚೇರಿಯೊಂದರಲ್ಲಿ ಒಂಬತ್ತು ವರ್ಷ ಗುಮಾಸ್ತರಾಗಿದ್ದರು. ಟೆಂಡರ್ ಲಕೋಟೆ ಒಡೆಯುವ ದಿನ ಸಾಹೇಬರ ಹಿಂದೆ ನಿಂತು ಕಲಿತಷ್ಟನ್ನು ಗುಲಬರ್ಗಾದ ಕಾನೂನು ಕಾಲೇಜೂ ಅವರಿಗೆ ಕಲಿಸಲಿಲ್ಲ. ನೌಕರಿ ಬಿಟ್ಟು ಶಹಾಪುರದಲ್ಲಿ ಕೂತ ಮೇಲೆ ಗುತ್ತಿಗೆದಾರರ ತಕರಾರುಗಳೇ ಅವರ ಕಸುಬಾದವು.

೧೯೯೪ರಲ್ಲಿ ಕಕ್ಕೇರಾದ ಮಲ್ಕಪ್ಪ ಬಂದ. ಕಾಂಕ್ರೀಟ್ ಕಲಸುವ ಒಂದು ಮಶೀನು ಬಿಟ್ಟರೆ ಬೇರೇನಿಲ್ಲದ ಸಣ್ಣ ಗುತ್ತಿಗೆದಾರ. ಉಪಕಾಲುವೆಗೆ ಕಾಂಕ್ರೀಟ್ ಹಾಸುವ ಕೆಲಸಕ್ಕೆ ಎಲ್ಲರಿಗಿಂತ ಕಡಿಮೆ ದರ ಹಾಕಿದ್ದನಂತೆ. ಒಂದು ಪುಟಕ್ಕೆ ಸಹಿ ಇಲ್ಲವೆಂಬ ನೆಪ ಹೇಳಿ ಅದನ್ನು ತಳ್ಳಿಹಾಕಿ, ಸುರಪುರದ ಸಂಗಣ್ಣನಿಗೆ ಕೆಲಸ ಕೊಟ್ಟಿದ್ದರು. ಹೇಳುತ್ತ ಮಲ್ಕಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡ.

ಅಂಬ್ರಪ್ಪನವರು ಸಂಗಣ್ಣನೂ ಸೇರಿ ಉಳಿದ ಮೂವರ ಟೆಂಡರುಗಳ ನಕಲು ತರಿಸಿ ಒಂದರ ಪಕ್ಕ ಒಂದಿಟ್ಟು ನೋಡಿದರು. ಮೂರನ್ನೂ ಒಂದೇ ಟೈಪ್‌ರೈಟರಿನಲ್ಲಿ ಹೊಡೆದಿದ್ದರು. ಮೂರರಲ್ಲೂ ಒಂದೇ ಅಕ್ಷರದ ಬಾಲ ಮುರಿದಿತ್ತು. ಪೈಪೋಟಿ ಎಂಬುದು ಬರೀ ನಾಟಕವಾಗಿತ್ತು. ಹೈಕೋರ್ಟು ಆಗ ಬೆಂಗಳೂರಿನಲ್ಲಿ ಮಾತ್ರ. ಏಳು ತಿಂಗಳು ಬಸ್ಸಿನಲ್ಲಿ ಓಡಾಡಿ ಆ ಟೆಂಡರನ್ನು ರದ್ದು ಮಾಡಿಸಿದರು. ತೀರ್ಪಿನ ಪ್ರತಿ ಕೈಗೆ ಬಂದಾಗ ಹೆಂಡತಿ ಅಯ್ಯಮ್ಮನನ್ನು ಎದುರಿಗೆ ಕೂರಿಸಿಕೊಂಡು ಸಾಲು ಸಾಲನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದರು.

ಅದೇ ಕೆಲಸದ ಹೊಸ ಟೆಂಡರಿಗೆ ನಾಲ್ಕು ದಿನ ಇರುವಾಗ ಮಲ್ಕಪ್ಪ ಪೇಢೆಯ ಡಬ್ಬಿ ಹಿಡಿದು ಬಂದ.

"ಮೊದಲ ನನ್ನ ಬಾಗಲದಾಗೂ ನಿಂದ್ರಗೊಡ್ತಿದ್ದಿಲ್ರಿ. ಕೇಸ್ ಗೆದ್ದಮ್ಯಾಲ ಸಂಗಣ್ಣ ಕರದು ಬಾಜೂಕ ಕುಂದ್ರಿಸ್ಕೊಂಡ. ಮೂರು ಪಾಲಿದ್ದದ್ದು ನಾಕಾತ್ರಿ."

"ಅಂದ್ರ ನೀ ಟೆಂಡರ್ ಹಾಕಂಗಿಲ್ಲೇನು?"

"ಹಾಕ್ತೀನ್ರಿ, ರೇಟ್ ಜಾಸ್ತಿ ಹಾಕ್ತೀನಿ. ಈ ಸಲ ಅವನ ಪಾಳಿ, ಬರೋ ವರ್ಷ ನಂದು."

ಅವನ ಮುಖದಲ್ಲಿ ಕಳವಳದ ಸುಳಿವೂ ಇರಲಿಲ್ಲ. ಮಗಳ ಮದುವೆ ಗೊತ್ತುಮಾಡಿ ಬಂದವನ ಹಾಗೆ ಗೆಲುವಾಗಿದ್ದ. ಅಂಬ್ರಪ್ಪನವರು ಪೇಢೆಯ ಡಬ್ಬಿಯ ಮುಚ್ಚಳ ಮುಚ್ಚಿದರು. ತಾವು ಬಡಿದಾಡಿ ತಂದ ತೀರ್ಪು ಕಳ್ಳರ ಪಂಕ್ತಿಯಲ್ಲಿ ಇವನಿಗೊಂದು ಎಲೆ ಹಾಕಿಸಿತ್ತು, ಅಷ್ಟೆ. ಕಕ್ಷಿದಾರ ನಂಬಿ ಹೇಳಿದ ಮಾತನ್ನು ವಕೀಲ ಹೊರಗೆ ಹಾಕುವಂತೆಯೂ ಇಲ್ಲ. ಡಬ್ಬಿಯನ್ನು ಅವನ ಕೈಗೇ ಕೊಟ್ಟು, ಇನ್ನು ತಮ್ಮ ಕಡೆ ಬರಬೇಡವೆಂದರು.

ಕೆಲಸ ಸಂಗಣ್ಣನಿಗೇ ಆಯಿತು, ಅದೂ ಹಿಂದಿನದಕ್ಕಿಂತ ಹೆಚ್ಚಿನ ದರಕ್ಕೆ. ಎರಡನೆಯ ಸಲ ನೀರು ಬಿಟ್ಟಾಗ ಕಾಲುವೆಯ ಮಗ್ಗುಲು ಜರಿಯಿತು. ಅಂಬ್ರಪ್ಪನವರು ಹೋಗಿ ನೋಡಿದರು. ಉಗುರಿನಿಂದ ಕೆರೆದರೆ ಕಾಂಕ್ರೀಟು ನೆನೆದ ರೊಟ್ಟಿಯಂತೆ ಕಿತ್ತು ಬಂತು. ಮನೆಗೆ ಬಂದು ಎರಡು ಸಲ ಕೈ ತೊಳೆದರೂ ಅವರಿಗೆ ಊಟ ಸೇರಲಿಲ್ಲ.

ಮರುವರ್ಷ ತನ್ನ ಪಾಳಿಯನ್ನು ಸಂಗಣ್ಣ ನುಂಗಿದನೆಂದು ಮಲ್ಕಪ್ಪ ಮತ್ತೆ ಬಂದು, ವಕಾಲತ್ತಿನ ಕಾಗದವನ್ನು ಮೇಜಿನ ಮೇಲಿಟ್ಟ. ಇದೆಲ್ಲ ಅನ್ಯಾಯ, ಕೋರ್ಟಿನಲ್ಲಿ ನಿಲ್ಲಬೇಕು ಎಂದ. ಈ ಸಲವೂ ಟವೆಲಿನಿಂದ ಕಣ್ಣೊರೆಸಿಕೊಂಡ.

"ನಿನ್ನ ಮಾರಿ ನೋಡಿದ್ರ ವಾಕರಿಕಿ ಬರ್ತೈತಿ," ಎಂದರು ಅಂಬ್ರಪ್ಪನವರು. "ಎದ್ದು ಹೋಗು."

ಅವನು ಹೋದ. ಹೊರಗಿನ ಬೆಂಚಿನ ಮೇಲೆ ಅಂಥವೇ ಕಾಗದ ಹಿಡಿದ ಇನ್ನಿಬ್ಬರು ಗುತ್ತಿಗೆದಾರರು ಕಾಯುತ್ತಿದ್ದರು. ಬೇರೆ ಕಸುಬು ಗೊತ್ತಿಲ್ಲದ ಅಂಬ್ರಪ್ಪನವರು ಮೊದಲನೆಯವನನ್ನು ಒಳಗೆ ಕರೆದರು.