ಲಾಲಿ ಹಾಡಿನ ಎರಡು ಸಾಲು

ಅವ್ವ ಹಾಡಿದ ಲಾಲಿಯನ್ನು ನನ್ನ ಮಗಳು ಮೊಬೈಲಿನಲ್ಲಿ ಚಿತ್ರೀಕರಿಸಿ ಇಂಟರ್‌ನೆಟ್ಟಿಗೆ ಹಾಕಿದ್ದಳು. ಮೂರನೆಯ ದಿನಕ್ಕೆ ಅದರ ದನಿಯೇ ಬಂದ್ ಆಯಿತು. ಈ ಹಾಡಿನ ಹಕ್ಕು ತನ್ನದೆಂದು ಒಂದು ಕ್ಯಾಸೆಟ್ ಕಂಪನಿ ಹೇಳಿಕೊಂಡಿತ್ತು.

"ನಾ ಹಾಡಿದ್ದು ಅವರದ್ಹೆಂಗ ಆಗ್ತದ?" ಎಂದಳು ಅವ್ವ. ಅವಳಿಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಗಿತ್ತು. ನನಗೂ ಅಷ್ಟೇ.

ನಮ್ಮ ನಾಸಿಕದ ಮನೆಯ ಮೇಲಿನ ಮಹಡಿಯಲ್ಲಿ ಒಬ್ಬ ಮರಾಠಿ ವಕೀಲೆ ಇದ್ದಾರೆ. ಅವರು ಕಂಪನಿಯ ಹಾಡನ್ನೂ ಅವ್ವನ ಹಾಡನ್ನೂ ಎರಡೆರಡು ಸಲ ಕೇಳಿದರು.

"ಆಜಿ, ಹೇ ಗಾಣಂ ಕೋಣಾಚಂ?" ಈ ಹಾಡು ಯಾರದು ಎಂದು ಅವ್ವನನ್ನು ಕೇಳಿದರು.

"ನಮ್ಮ ಅವ್ವಂದು. ಅಕಿ ಅವ್ವಂದು. ಆದ್ರ ದ್ರಾಕ್ಷಿ ಸಾಲು ನಂದು."

ನಾನು ಮರಾಠಿಗೆ ತಿರುಗಿಸಿ ಹೇಳುತ್ತಿದ್ದವನು ಅಲ್ಲಿಗೇ ನಿಂತೆ. ನನಗೂ ಅದು ಗೊತ್ತಿರಲಿಲ್ಲ. ಅಪ್ಪ ನಾಸಿಕದ ಹತ್ತಿರದ ಓಝರ್ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ, ಪಕ್ಕದ ದಿಂಡೋರಿಯ ದ್ರಾಕ್ಷಿ ತೋಟ ನೋಡಿ, ಹಟ ಹಿಡಿದ ನನ್ನನ್ನು ಮಲಗಿಸಲು ಅವ್ವ ಎರಡು ಸಾಲು ತಾನೇ ಕಟ್ಟಿದ್ದಳಂತೆ:

"ದಿಂಡೋರಿ ಮಂಜಾಗ ದ್ರಾಕ್ಷಿ ಕಣ್ಣ ತೆರದಾವ,
ನಮ್ಮ ಕೂಸಿನ ಕಣ್ಣು ಮುಚ್ಚವಲ್ವು."

ವಕೀಲೆ ನೆಟ್ಟಗೆ ಕುಳಿತರು. ಕಂಪನಿಯ ಹಾಡಿನಲ್ಲೂ ಈ ದ್ರಾಕ್ಷಿ ಸಾಲು ಇತ್ತು. ಹಳೆಯ ಜನಪದ ಹಾಡಿಗೆ ಒಡೆಯರಿಲ್ಲ, ಕಂಪನಿಯ ಹಕ್ಕು ಅದರ ಧ್ವನಿಮುದ್ರಣಕ್ಕೆ ಮಾತ್ರ, ಹೊಸ ಸಾಲು ಕಟ್ಟಿದವರದ್ದೇ, ಅದಕ್ಕೆ ನೋಂದಣಿಯೂ ಬೇಕಿಲ್ಲ ಎಂದರು. ರಾಗ ಹೋಲಿದ್ದರಿಂದ ವಿಡಿಯೊ ಹಾಕಿದ ತಾಣದ ಯಂತ್ರವೇ ಕಂಪನಿಯ ಪರವಾಗಿ ತಾನಾಗಿ ಈ ತಕರಾರು ಎತ್ತಿರಬೇಕು. ಆದರೆ ಸಾಲು ಅವ್ವನದೆಂಬುದಕ್ಕೆ ಪುರಾವೆ?

ಅವ್ವ ಟ್ರಂಕಿನಿಂದ ಒಂದು ವಹಿ ತಂದಳು. ನನಗೆ ಹಾಕಿಸಿದ ಲಸಿಕೆಗಳ, ತಾರೀಖು ಬರೆದ ಪಟ್ಟಿಯ ಕೆಳಗೆ ಆ ಎರಡು ಸಾಲು ಇದ್ದವು.

ಕಂಪನಿಗೆ ಉತ್ತರ ಕಳಿಸಿ ಕಾಯುತ್ತಿದ್ದ ದಿನಗಳಲ್ಲಿ ನನಗೆ ಒಂದು ಹುಚ್ಚು ಹಿಡಿಯಿತು. ನಾನು ಕೆಲಸ ಮಾಡುವ ಬ್ಯಾಂಕಿನ ಊಟದ ಬಿಡುವಿನಲ್ಲಿ ಕೃತಿಸ್ವಾಮ್ಯದ ತೀರ್ಪುಗಳನ್ನು ಓದತೊಡಗಿದೆ. ಕಲ್ಪನೆ ಯಾರ ಸೊತ್ತೂ ಅಲ್ಲ, ಅದನ್ನು ಹೇಳಿದ ಬಗೆ ಹೇಳಿದವರದ್ದು ಎಂಬ ಮಾತು ಮತ್ತೆ ಮತ್ತೆ ಬರುತ್ತಿತ್ತು. ಹಾಗಾದರೆ ಮಂಜು, ದ್ರಾಕ್ಷಿ, ನಿದ್ದೆಗೇಡಿಯಾದ ನಾನು, ಇವೆಲ್ಲ ಯಾರಿಗಾದರೂ ಸಿಗುವಂಥವು. ಆ ಜೋಡಣೆ ಮಾತ್ರ ಅವ್ವನದು.

ಎರಡು ವಾರಕ್ಕೆ ಕಂಪನಿ ಹಿಂದೆ ಸರಿಯಿತು. ಅವ್ವನ ದನಿ ಮರಳಿ ಬಂತು. ಬೇಕಿದ್ದರೆ ನಾವೇ ಈಗ ನೋಟಿಸ್ ಕೊಡಬಹುದು ಎಂದರು ವಕೀಲೆ.

"ನೋಟಿಸ್ ಬ್ಯಾಡ್ರಿ. ಅದನ್ನ ಹಾಡಿದಾಕೀನ ನೋಡಬೇಕು," ಎಂದಳು ಅವ್ವ.

ಕಂಪನಿಯಿಂದಲೇ ವಿಳಾಸ ಸಿಕ್ಕಿತು. ಹಾಡುಗಾರ್ತಿ ಇದ್ದದ್ದು ಸಂಭಾಜಿನಗರದಲ್ಲಿ. ಗಂಡನಿಗೆ ಅಲ್ಲಿನ ಕೈಗಾರಿಕಾ ಪ್ರದೇಶ ವಾಳೂಜ್‌ನಲ್ಲಿ ಕೆಲಸ. ನಾನೂ ಅವ್ವನೂ ಅವಳ ಮನೆಗೆ ಹೋದಾಗ ಬಾಗಿಲಲ್ಲೇ ಅವ್ವನ ಕಾಲು ಮುಟ್ಟಿದಳು.

"ನಮ್ಮ ಅತ್ತಿ ಕಲಿಸಿದ್ದು ಅಜ್ಜಿ. ಅವರು ಓಝರ್ ಕಾರ್ಖಾನಿ ಕಾಲೊನಿ ಹಳದಿ-ಕುಂಕುಮದ ಕಾರ್ಯಕ್ರಮದಾಗ ಯಾರೋ ಹಾಡಿದ್ದು ಕೇಳಿದ್ರಂತ. ಭಾಳ ಹಳೇ ಹಾಡು ಅಂತಿದ್ರು."

"ಆ ಯಾರೋ ಅಂದ್ರ ನಾನವ್ವಾ," ಎಂದಳು ಅವ್ವ. ಆಮೇಲೆ, "ಹಾಡು ನೋಡೋಣು," ಎಂದಳು.

ಅವಳು ಹಾಡಿದಳು. ಅವಳ ಬಾಯಲ್ಲಿ ದ್ರಾಕ್ಷಿ ಕಣ್ಣು ತೆರೆಯಲಿಲ್ಲ, "ಕಣ್ಣ ತೊಳದಾವ" ಎಂದಾಯಿತು. ಅವ್ವ ತಿದ್ದಲು ಬಾಯಿ ತೆರೆದವಳು ಆ ಸಾಲನ್ನು ತಾನೇ ಒಮ್ಮೆ ಹಾಡಿ ನೋಡಿದಳು.

"ಮಂಜಿಗೆ ತೊಳದಾವ ಅನ್ನೂದ ಛಲೋ ಒಪ್ತದ. ಹಂಗ ಇರ್ಲಿ. ಆದ್ರ ನನ್ನ ಹೆಸರು ಹಾಕಸ್ಬೇಕ ನೋಡು."

ಹಾಡುಗಾರ್ತಿ ಕೂಡಲೇ ಕಂಪನಿಗೆ ಫೋನ್ ಹಚ್ಚಿದಳು. ಹೆಸರಿನ ಅಕ್ಷರ ತಪ್ಪಬಾರದೆಂದು ಅವ್ವ ಪಕ್ಕದಲ್ಲಿ ನಿಂತು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.