ಕುಕಿ ಅಳಿಸದೆ ಎದ್ದು ಬಂದ ದಿನ

ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನ ಎದುರು, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ನಾಲ್ಕು ಕಂಪ್ಯೂಟರುಗಳ ಒಂದು ಬ್ರೌಸಿಂಗ್ ಸೆಂಟರ್ ಇತ್ತು. ನಡೆಸುತ್ತಿದ್ದವಳು ಪಿಯುಸಿವರೆಗೆ ಓದಿದ್ದ ಹೆಣ್ಣುಮಗಳು. ನಾನಾಗ ಶುಂಠಿ ವ್ಯಾಪಾರಿ. ದನದ ಸಂತೆಗಳಲ್ಲಿ ಟವಲಿನಡಿ ಬೆರಳು ಹಿಡಿದು ದರ ಮಾತಾಡುವುದನ್ನು ಕಲಿತು ಮೇಲೆ ಬಂದವನು. ಪಕ್ಕದಲ್ಲಿ ನಿಂತವನಿಗೂ ತಿಳಿಯದಂತೆ ದರ ಕುದುರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವಿತ್ತು.

ಆ ವರ್ಷ ಕಿತ್ತ ಶುಂಠಿ ಮೂರು ಲಾರಿಯಷ್ಟು ನನ್ನ ಕಣದಲ್ಲಿತ್ತು. ಮಳೆ ಬೀಳುವ ಮೊದಲು ಹೋಗದಿದ್ದರೆ ಕೊಳೆಯುವುದೇ ಗತಿ. ಕೇರಳದ ಖರೀದಿದಾರ ಒಬ್ಬ ಚೌಕಾಸಿ ನಡೆಸಿದ್ದ. ಕೊನೆಗೆ ಎಷ್ಟಕ್ಕೆ ಇಳಿಯಬಹುದು ಎಂಬುದನ್ನು ಕೆ.ಆರ್. ನಗರದ ನನ್ನ ಪಾಲುದಾರನಿಗೆ ತಿಳಿಸಬೇಕಿತ್ತು. ಫೋನ್ ಬೂತಿನಲ್ಲಿ ಹತ್ತು ಕಿವಿ ಇರುತ್ತವೆಂದು ಆ ಸೆಂಟರಿನಲ್ಲಿ ಕೂತು ಮೇಲ್‌ನಲ್ಲಿ ಬರೆದು ಎದ್ದು ಬಂದೆ.

ಮರುದಿನ ಕೆಳಗಿನ ಟೀ ಅಂಗಡಿಯಲ್ಲಿ ಇನ್ನೊಬ್ಬ ಶುಂಠಿ ವ್ಯಾಪಾರಿ ಸಿಕ್ಕ. ನಗುತ್ತಲೇ ಕೇಳಿದ: "ಮೂಟೆಗೆ ಇನ್ನೂ ಐವತ್ತು ಇಳಿಯಾಕೆ ರೆಡಿ ಇದ್ದೀಯಂತಲ್ಲಾ? ನಾನು ಆ ಕೇರಳದವ್ನಿಗೆ ಅದ್ಕಿಂತ ಅತ್ತು ರೂಪಾಯಿ ಕಮ್ಮಿಗೆ ಏಳಿವ್ನಿ ಬುಡು."

ನನ್ನ ಪಾಲುದಾರನಿಗಲ್ಲದೆ ಯಾರಿಗೂ ಗೊತ್ತಿಲ್ಲದ ಲೆಕ್ಕ ಅದು. ಮಹಡಿಯವಳು ಜನರ ಮೇಲ್ ಓದಿ ಹೇಳುತ್ತಾಳೆ ಎಂದು ಅಲ್ಲೇ ನಾಲ್ಕು ಜನರೆದುರು ಅಂದುಬಿಟ್ಟೆ. ಅವಳ ಮುಖಕ್ಕೂ ಹಾಗೇ ಅನ್ನಲು ಮೆಟ್ಟಿಲು ಹತ್ತಿದೆ.

ಅವಳು ಸಿಟ್ಟಾಗಲಿಲ್ಲ. ಹಿಂದಿನ ದಿನ ನಾನು ಕೂತಿದ್ದ ಕಂಪ್ಯೂಟರಿನ ಮುಂದೆಯೇ ಕೂರಿಸಿ, ಮೇಲ್ ಸೈಟಿನ ವಿಳಾಸ ಹೊಡೆಯಿರಿ ಎಂದಳು. ಹೊಡೆದೆ. ಪಾಸ್‌ವರ್ಡ್ ಕೇಳದೆ ನನ್ನ ಮೇಲ್ ತೆರೆದುಕೊಂಡಿತು.

"ನಾನ್ಯಾರ್ಗೂ ಏಳಿಲ್ಲ ಕಣಣ್ಣ. ನೀವೇ ಬಾಗ್ಲು ತೆಗ್ದಿಟ್ಟು ಓಗಿದ್ರಿ," ಎಂದಳು.

'ನನ್ನನ್ನು ನೆನಪಿಟ್ಟುಕೋ' ಎಂಬ ಚೌಕಕ್ಕೆ ನಾನು ಟಿಕ್ ಹಾಕಿದ್ದೆನಂತೆ. ಅರ್ಜಿ ಯಾವುದೇ ಇರಲಿ, ಖಾಲಿ ಚೌಕ ಕಂಡರೆ ಟಿಕ್ ಹಾಕುವುದು ನಮ್ಮ ಕಡೆಯವರ ಅಭ್ಯಾಸ. ಹೊಗೆಸೊಪ್ಪಿನ ಹರಾಜಿನಲ್ಲಿ ಪ್ರತಿ ಮೂಟೆಗೂ ಚೀಟಿ ಕಟ್ಟುತ್ತಾರಲ್ಲ, ಸೈಟಿನವರೂ ಹಾಗೇ ಈ ಯಂತ್ರದಲ್ಲಿ ಒಂದು ಚೀಟಿ ಇಡುತ್ತಾರೆ, ಅದಕ್ಕೆ ಕುಕಿ ಅನ್ನುತ್ತಾರೆ ಎಂದು ಅವಳು ಬಿಡಿಸಿ ಹೇಳಿದಳು. ಚೀಟಿ ಇರುವುದು ಯಂತ್ರಕ್ಕೆ, ಕೂತವನಿಗಲ್ಲ. ನಾನು ಎದ್ದುಹೋದರೂ ನನ್ನ ನಂತರ ಕೂತವನನ್ನು ನಾನೇ ಅಂದುಕೊಳ್ಳುತ್ತದೆ. ನನ್ನ ಹಿಂದೆಯೇ ಆ ವ್ಯಾಪಾರಿ ಅಲ್ಲಿ ಕೂತಿರಬೇಕು ಎಂದು ಆಗ ಹೊಳೆಯಿತು. ವಾರಕ್ಕೊಮ್ಮೆ ತಾನೇ ಎಲ್ಲ ಅಳಿಸುತ್ತಿದ್ದಳಂತೆ. ಒಬ್ಬೊಬ್ಬರು ಎದ್ದಾಗಲೂ ಅಳಿಸಬೇಕಿತ್ತು, ಅಷ್ಟು ತಪ್ಪು ತನ್ನದು ಎಂದಳು. ಬೈಯಲು ಬಂದವನ ಮುಂದೆ ತನ್ನ ಪಾಲಿನ ತಪ್ಪನ್ನು ಇಷ್ಟು ಸರಿಯಾಗಿ ಅಳೆದು ಒಪ್ಪಿಕೊಂಡವರನ್ನು ನಾನು ವ್ಯಾಪಾರದಲ್ಲಿ ಕಂಡಿರಲಿಲ್ಲ.

ಪಾಸ್‌ವರ್ಡ್ ಬದಲಿಸುವುದು, ಲಾಗೌಟ್ ಆಗುವುದು, ಮೆನುವಿಗೆ ಹೋಗಿ ಕುಕಿ ಅಳಿಸುವುದು, ಎಲ್ಲವನ್ನೂ ನನ್ನ ಕೈಯಿಂದಲೇ ಮಾಡಿಸಿದಳು. ನೀವೂ ಇದನ್ನು ಗಟ್ಟಿ ಮಾಡಿಕೊಳ್ಳಿ. ಬೇರೆಯವರ ಯಂತ್ರದಲ್ಲಿ ಆ ಟಿಕ್ ಬೇಡ. ಮನೆಯ ಯಂತ್ರದಲ್ಲಾದರೆ ಹೆದರಿ ಎಲ್ಲವನ್ನೂ ಗುಡಿಸಬೇಡಿ. ದಿನಾ ಹೋಗುವ ಸೈಟಿನ ಚೀಟಿ ಇದ್ದರೆ ಕೆಲಸ ಸಲೀಸು. ಜಾಹೀರಾತಿನವರು ನಡುವೆ ನುಗ್ಗಿಸುವ ಚೀಟಿಗಳನ್ನು ಮಾತ್ರ ಬೇಡವೆನ್ನಿ.

ಇನ್ನು ದರ ಮುಚ್ಚಿಟ್ಟು ಫಲವಿರಲಿಲ್ಲ. ಅಲ್ಲಿಂದಲೇ ಖರೀದಿದಾರನಿಗೆ ಬರೆದೆ: ರೇಟು ಇಳಿಸುವುದಿಲ್ಲ, ಆದರೆ ಮಣ್ಣು ತೊಳೆದು, ಆರಿಸಿ, ಎಚ್.ಡಿ. ಕೋಟೆ ದಾಟಿ ಕೇರಳ ಗಡಿಯ ಬಾವಲಿ ಗೇಟಿನವರೆಗೆ ನಮ್ಮ ಬಾಡಿಗೆಯಲ್ಲೇ ತಲುಪಿಸುತ್ತೇವೆ. ಮೂರರಲ್ಲಿ ಎರಡು ಲಾರಿ ಒಪ್ಪಿಕೊಂಡ. ಉಳಿದದ್ದನ್ನು ಹುಣಸೂರಿನಲ್ಲಿ ಸಿಕ್ಕಷ್ಟಕ್ಕೆ ಮಾರಿದೆ.

ಟೀ ಅಂಗಡಿಗೆ ಹೋಗಿ ಅದೇ ನಾಲ್ಕು ಜನರೆದುರು, ತಪ್ಪು ನನ್ನದು, ಆ ಹೆಣ್ಣುಮಗಳದ್ದಲ್ಲ ಎಂದೆ. ಆ ವ್ಯಾಪಾರಿ ಲೋಟದಿಂದ ತಲೆ ಎತ್ತಲಿಲ್ಲ. ಎರಡು ದಿನ ಬಿಟ್ಟು ಅವನೇ ಮಹಡಿಯಿಂದ ಸರಸರನೆ ಇಳಿದುಹೋಗುವುದನ್ನು ಕಂಡೆ. ಮೇಲೆ ಹೋಗಿ, ಅವನು ಯಾಕೆ ಬಂದಿದ್ದ, ಯಾರಿಗೆ ಬರೆದ ಎಂದು ಮೆಲ್ಲಗೆ ಕೇಳಿದೆ.

ಅವನು ಎದ್ದುಹೋದ ಕಂಪ್ಯೂಟರಿನ ಕುಕಿಯನ್ನು ಅವಳು ಅಳಿಸುತ್ತಿದ್ದಳು. ತಿರುಗಿಯೂ ನೋಡದೆ ಕೇಳಿದಳು: "ಅಂಗಾರೆ ನೀವು ಬಂದು ಏನ್ ಬರೆದ್ರಿ ಅಂತ ಅವ್ರಿಗೂ ಏಳ್ಲಾ ಅಣ್ಣ?"

ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟು, ನನ್ನ ಮೇಲ್ ನೋಡಲು ಪಕ್ಕದ ಕುರ್ಚಿ ಎಳೆದುಕೊಂಡು ಕೂತೆ.