ಅರಿಷಿಣದ ದಾರ ಕಟ್ಟಿದ ದೋಣಿ

ನಿನ್ನೆ ಪಕ್ಕದ ಮನೆಯವರು ಮಾಳಿಗೆಯ ಬಿರುಕಿಗೆ ಡಾಂಬರು ಕಾಯಿಸಿ ಹಚ್ಚುತ್ತಿದ್ದರು. ಆ ವಾಸನೆಗೆ ನಮ್ಮೂರ ಶಾಲೆಯ ಹೆಡ್‌ಮಾಸ್ತರು ನೆನಪಾದರು. ಅವರ ದೋಣಿಗೂ ಅದೇ ವಾಸನೆಯಿತ್ತು.

ಪ್ರಾರ್ಥನೆಗೆ ಒಂದು ನಿಮಿಷ ತಡವಾದರೆ ದಿನವಿಡೀ ಬಾಗಿಲಾಚೆ ನಿಲ್ಲಿಸುತ್ತಿದ್ದರು. ಹುಡುಗರ ಕೊರಳಿನ ತಾಯಿತ ಹರಿದು, ಮೂಢರೆಂದು ಬೈಯುತ್ತಿದ್ದರು. ನಾನು ಇಂದಿಗೂ ಐದಕ್ಕೆ ಏಳುವುದು ಅವರ ಬೆತ್ತದ ದೆಸೆಯಿಂದ.

ನಿವೃತ್ತರಾದ ಮೇಲೆ ಮೀನಿನ ಗುತ್ತಿಗೆ ಹಿಡಿದು ದೊಡ್ಡ ದೋಣಿ ತಂದರು. ಕಾಗಿಣಾ ನದಿಗೆ ನಮ್ಮೂರಲ್ಲಿ ಕಲ್ಲಿನ ಮೆಟ್ಟಿಲಿರುವುದು ಒಂದೇ ಕಡೆ. ಅಂಬಿಗನ ಹರಿಗೋಲಿಗೆ ಜನ ಹತ್ತಿ ಇಳಿಯುವುದೂ ಅಲ್ಲೇ. ಸರಿಯಾಗಿ ಅಲ್ಲಿಗೇ ದೋಣಿ ಕಟ್ಟಿದರು. ಹರಿಗೋಲು ಕೆಸರಿಗೆ ಸರಿಯಿತು. ಕೆಸರು ತುಳಿಯಲೊಲ್ಲದ ಜನ ದೂರದ ಸೇತುವೆ ಹಿಡಿದರು. ಹೊಟ್ಟೆಪಾಡು ಹೋದ ಅಂಬಿಗ ಸೇಡಂ ಕೋರ್ಟಿನ ಮೆಟ್ಟಿಲೇರಿದ. ಎಂಟು ದಿನದಲ್ಲಿ ದೋಣಿ ತೆಗೆಯಬೇಕೆಂದು ಆದೇಶವಾಯಿತು. ಅದನ್ನು ಮುಟ್ಟಿಸಿದ ಕೋರ್ಟಿನ ಬೇಲಿಫ್ ನಾನೇ.

“ನನ್ನ ಕೈಯಾಗ ಅಕ್ಷರ ಕಲ್ತು ನನಗೇ ಓದಿ ಹೇಳಾಕ ಬಂದೀಯೇನಲೇ?” ಎಂದರು ಮಾಸ್ತರು. ಸಹಿ ಮಾತ್ರ ಮುತ್ತಿನಂತೆ ಹಾಕಿದರು.

ಒಂಬತ್ತನೇ ದಿನ ಕೂಲಿಯವರೊಂದಿಗೆ ಹೋದೆ. ದೋಣಿಯ ಮೂತಿಗೆ ಕುಂಕುಮ, ಅರಿಷಿಣದ ದಾರ, ಎರಡು ನಿಂಬೆಹಣ್ಣು. ದೋಣಿಯೇ ಈಗ ಗಂಗವ್ವನಂತೆ, ಹೊಳೆ ಇಳಿಯುವವರೆಗೆ ಅಲುಗಿಸಬಾರದಂತೆ... ತಾಯಿತ ಹರಿದವರ ಮಾತಿದು! ಕೂಲಿಯವರು ಚಪ್ಪಲಿ ಬಿಟ್ಟು ಕೈಮುಗಿದರು, ದೋಣಿ ಮುಟ್ಟಲಿಲ್ಲ.

ಅಂಬಿಗ ನನ್ನನ್ನೇ ನೋಡಿದ. “ಸಾಹೇಬ್ರ, ದಾರ ಕೋರ್ಟಿಗಿಂತ ದೊಡ್ಡದಂತ ಗೊತ್ತಿದ್ರ ವಕೀಲರ ಬಲ್ಲಿ ಯಾಕ್ ಹೋಗ್ತಿದ್ನಿರಿ?”

ಆ ದಾರವನ್ನು ನಾನೂ ಹರಿಯಲಿಲ್ಲ. ‘ಧಾರ್ಮಿಕ ಅಡಚಣೆ’ ಎಂದು ದುಂಡಗೆ ವರದಿ ಬರೆದೆ. ಆ ದುಂಡು ಅಕ್ಷರವೂ ಅವರು ಕಲಿಸಿದ್ದೇ.

ನ್ಯಾಯಾಂಗ ನಿಂದನೆಯ ವಿಚಾರಣೆ ಬರುವಷ್ಟರಲ್ಲಿ ಹೊಳೆ ಇಳಿದಿತ್ತು. ಅಂಬಿಗ ಹರಿಗೋಲು ಮಗುಚಿಟ್ಟು ವಾಡಿಯ ಕಡೆ ಕಲ್ಲು ಒಡೆಯಲು ಹೋಗಿದ್ದ. ಮರಳಿ ಬರಲಿಲ್ಲ.

“ಭಕ್ತಿಗೆ ಬಿದ್ದು ತಪ್ಪು ಮಾಡಿದೆ, ಕ್ಷಮಾ ಮಾಡ್ರಿ,” ಎಂದು ಮಾಸ್ತರು ಕೈಮುಗಿದರು. ಎಂಥ ಭಕ್ತಿ! ಅಂದಿನ ಕಲಾಪ ಮುಗಿಯುವವರೆಗೆ ಬಾಗಿಲ ಬಳಿ ನಿಲ್ಲಬೇಕೆಂದು ನ್ಯಾಯಾಧೀಶರು ಹೇಳಿದರು. ಸಂಜೆಯ ಹೊತ್ತಿಗೆ ಅವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಒಮ್ಮೆ ನನ್ನತ್ತ ನೋಡಿದರು. ಖಾಲಿ ಕುರ್ಚಿ ನನ್ನ ಪಕ್ಕದಲ್ಲೇ ಇತ್ತು... ನಾನು ಫೈಲಿನ ಹಾಳೆ ತಿರುವಿದೆ.

ಈಗ ಮಾಸ್ತರಿಲ್ಲ. ಮಣ್ಣಿಗೆ ನಾನು ಹೋಗಲಿಲ್ಲ. ಮೆಟ್ಟಿಲು ಖಾಲಿ ಇವೆ, ದಾಟಿಸುವವರಿಲ್ಲ. ಇಂದೂ ಐದಕ್ಕೆ ಎಚ್ಚರವಾಯಿತು. ಅವರ ಶಿಸ್ತು ಇನ್ನೂ ಮೈಬಿಟ್ಟಿಲ್ಲವೆಂದು ಅಸಹ್ಯಪಡುತ್ತಲೇ ಎದ್ದೆ. ಹಾಸಿಗೆ ಮಡಚಿಟ್ಟೆ, ಅವರು ಕಲಿಸಿದಂತೆ, ನಾಲ್ಕು ಮಡಿಕೆ.